ಅಂಗಳದಲ್ಲೊಂದು ಕೋಲು ನೆಟ್ಟು ನೋಡಿ: ಬೇಸಿಗೆ ಶಿಬಿರದ ವಿಜ್ಞಾನ ಕುರಿತು ಓದುಗರ ಪ್ರಶ್ನೆಗಳು

2022ರ ಏಪ್ರಿಲ್ ಸಂಚಿಕೆಗೆಂದು ಬಂದ ಪತ್ರಗಳಲ್ಲಿ ಬೇಸಿಗೆ ಶಿಬಿರದ ವಿಚಾರವೇ ಹೆಚ್ಚಾಗಿದೆ. ಎರಡು ಬೇಸಿಗೆಗಳನ್ನು ಕೊರೊನಾ ನುಂಗಿದ ಮೇಲೆ, ಉತ್ತರ ಕನ್ನಡದ ಕರಾವಳಿಯಲ್ಲೂ ಘಟ್ಟದ ಮೇಲೂ ಕಾಲೇಜಿನ ಹುಡುಗ ಹುಡುಗಿಯರು ಊರ ಮಕ್ಕಳಿಗೆ ವಿಜ್ಞಾನ ಹೇಳಿಕೊಡಲು ತಾವಾಗಿಯೇ ಮುಂದೆ ಬಂದಿದ್ದಾರೆ. ಅವರದೂ ಅವರ ಹಿರಿಯರದೂ ಆದ ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾವು ಐದು ಮಂದಿ ಗೆಳೆಯರು ಪದವಿ ಓದುತ್ತಿದ್ದೇವೆ. ಏಪ್ರಿಲ್ 22ರಿಂದ ಹತ್ತು ದಿನ ನಮ್ಮೂರಿನ 6ರಿಂದ 9ನೇ ತರಗತಿಯ ಮಕ್ಕಳಿಗೆ ವಿಜ್ಞಾನ ಶಿಬಿರ ಮಾಡಬೇಕೆಂದಿದ್ದೇವೆ. ಯಾರಿಗೂ ಪಾಠ ಮಾಡಿ ಅಭ್ಯಾಸವಿಲ್ಲ. ಎಲ್ಲಿಂದ ಶುರು ಮಾಡಬೇಕು?
(ವಿದ್ಯಾರ್ಥಿನಿ, ಕುಮಟಾ ತಾಲ್ಲೂಕು)

ಉತ್ತರ: ಮೊದಲು ನಿಮ್ಮ ಮುಂದೆ ಕೂರುವ ಮಕ್ಕಳು ಯಾರು ಎಂಬುದನ್ನು ಮನಸ್ಸಿಗೆ ತಂದುಕೊಳ್ಳಿ. ಈಗ 6ನೇ ತರಗತಿ ಮುಗಿಸಿದ ಮಗು 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ 4ನೇ ತರಗತಿಯಲ್ಲಿತ್ತು. ಆ ವರ್ಷದ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ವಿದ್ಯಾಗಮದ ಹೆಸರಿನಲ್ಲಿ ಮೇಷ್ಟ್ರುಗಳು ಗುಡಿಯ ಪ್ರಾಂಗಣದಲ್ಲೂ ಮರದ ನೆರಳಿನಲ್ಲೂ ಕಲಿಸಿದ್ದನ್ನು ಬಿಟ್ಟರೆ, ಅದರ ಓರಗೆಯ ಮಕ್ಕಳು 2021ರ ಸೆಪ್ಟೆಂಬರ್ 6ರವರೆಗೆ ತರಗತಿಯ ಮುಖ ಕಂಡಿರಲಿಲ್ಲ. ಅಷ್ಟು ದಿನ ಅವರು ಕಲಿತದ್ದೆಲ್ಲ ಮೊಬೈಲಿನ ಪರದೆಯ ಮೇಲೆ, ಅದೂ ಸಿಗ್ನಲ್ ಸಿಕ್ಕ ಗುಡ್ಡದ ತುದಿಯಲ್ಲಿ ಕೊಡೆ ಹಿಡಿದು ಕೂತಾಗ.

ಫೆಬ್ರುವರಿಯಲ್ಲಿ ನಿಮ್ಮ ತಾಲ್ಲೂಕಿನ ಒಂದು ಶಾಲೆಗೆ ಹೋಗಿದ್ದೆ. 7ನೇ ತರಗತಿಯ ಹುಡುಗಿಯೊಬ್ಬಳು ಅಯಸ್ಕಾಂತದ ಸಜಾತೀಯ ಧ್ರುವಗಳು ವಿಕರ್ಷಿಸುತ್ತವೆ ಎಂದು ಒಂದೇ ಉಸಿರಿಗೆ ಹೇಳಿದಳು. ಚೀಲದಿಂದ ಎರಡು ಅಯಸ್ಕಾಂತ ತೆಗೆದು ಅವಳ ಎರಡೂ ಕೈಗೆ ಕೊಟ್ಟೆ. ಹತ್ತಿರ ತಂದಳು, ನಡುವೆ ಏನೂ ಇಲ್ಲದ ಕಡೆ ಏನೋ ತಳ್ಳಿದಂತಾಗಿ ಕೈ ಜಾರಿತು, ಅವಳು ಬೆಚ್ಚಿ ನನ್ನ ಮುಖ ನೋಡಿದಳು. ವಾಕ್ಯ ಬಾಯಿಗೆ ಬಂದು ಎರಡು ವರ್ಷವಾಗಿತ್ತು. ಕೈಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ಆಮೇಲೆ ಗಂಟೆ ಹೊಡೆಯುವವರೆಗೂ ಅವಳು ಆ ಅಯಸ್ಕಾಂತಗಳನ್ನು ಕೆಳಗಿಡಲಿಲ್ಲ. ನಿಮ್ಮ ಶಿಬಿರ ಮಾಡಬೇಕಾದ ಕೆಲಸ ಅದೇ ಎಂದು ನನಗೆ ಅನ್ನಿಸುತ್ತದೆ. ಹತ್ತು ದಿನಕ್ಕೆ ಮೂವತ್ತು ಪ್ರಯೋಗ ಬೇಡ. ನಾಲ್ಕೈದು ಸಾಕು, ಆದರೆ ಪ್ರತಿಯೊಂದರಲ್ಲೂ ಪ್ರತಿ ಮಗುವಿನ ಕೈಯಲ್ಲಿ ಒಂದು ವಸ್ತು ಇರಬೇಕು.

ನೀವು ಗೊತ್ತಿದ್ದೇ ಆರಿಸಿದಿರೋ ಇಲ್ಲವೋ, ನಿಮ್ಮ ದಿನಾಂಕಗಳು ಬಹಳ ಚೆನ್ನಾಗಿವೆ. ಸೂರ್ಯ ಪ್ರತಿದಿನ ಮಧ್ಯಾಹ್ನ ನೆತ್ತಿಯ ಮೇಲೆ ಬರುತ್ತಾನೆ ಎಂದು ಎಲ್ಲರೂ ಹೇಳುತ್ತಾರೆ. ಅವನು ನಮ್ಮ ಜಿಲ್ಲೆಯಲ್ಲಿ ಸರಿಯಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ಸಲ. ಎರಡನೆಯದು ಆಗಸ್ಟ್ ಎರಡನೇ ವಾರದ ಹೊತ್ತಿಗೆ, ಆಗ ಮಳೆಗಾಲದ ಮೋಡ. ಹಾಗಾಗಿ ನಮಗೆ ಕಣ್ಣಿಗೆ ಸಿಗುವುದು ಏಪ್ರಿಲ್ ಕೊನೆಯದು ಮಾತ್ರ. ಸೂರ್ಯ ದಿನಕ್ಕೆ ಡಿಗ್ರಿಯ ಮೂರನೇ ಒಂದು ಪಾಲಿನಷ್ಟು ಉತ್ತರಕ್ಕೆ ಸರಿಯುವುದರಿಂದ, ನೆರಳಿಲ್ಲದ ಮಧ್ಯಾಹ್ನ ಏಪ್ರಿಲ್ 27ರ ಸುಮಾರಿಗೆ ಭಟ್ಕಳಕ್ಕೆ ಬಂದು, ಹೊನ್ನಾವರ ದಾಟಿ, 29ರ ಸುಮಾರಿಗೆ ಕುಮಟೆಗೂ 30ರ ಹೊತ್ತಿಗೆ ಕಾರವಾರಕ್ಕೂ ತಲುಪುತ್ತದೆ.

ಒಂದು ಮೀಟರ್ ಉದ್ದದ ನೆಟ್ಟಗಿನ ಕೋಲನ್ನು ಅಂಗಳದಲ್ಲಿ ನೆಡಿಸಿ. ಅಡಿಕೆ ದಬ್ಬೆಯೂ ಆದೀತು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅದು ಲಂಬವಾಗಿದೆಯೇ ಎಂದು ಮಕ್ಕಳೇ ನೋಡಲಿ, ತಟ್ಟೆಯಲ್ಲಿ ನೀರು ತುಂಬಿಟ್ಟು ನೆಲ ಸಮವಾಗಿದೆಯೇ ಎಂದೂ ನೋಡಲಿ. ಮೊದಲ ದಿನ ಹನ್ನೆರಡರಿಂದ ಒಂದರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸುಣ್ಣದ ಗುರುತು ಹಾಕಿದರೆ, ನೆರಳು ಅತಿ ಚಿಕ್ಕದಾಗುವುದು 12 ಗಂಟೆಗಲ್ಲ, 12.30ರ ಸುಮಾರಿಗೆ ಎಂದು ಅವರಿಗೇ ತಿಳಿಯುತ್ತದೆ. ನಮ್ಮ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ತೋರಿಸುತ್ತವೆ, ಕುಮಟೆ ಇರುವುದು ಅದಕ್ಕಿಂತ ಎಂಟು ಡಿಗ್ರಿ ಪಶ್ಚಿಮಕ್ಕೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮ್ಮಲ್ಲಿಗೆ ತಡವಾಗಿ ಬರುತ್ತಾನೆ. ಕಾರಣವನ್ನು ಮೊದಲ ದಿನವೇ ಹೇಳಿಬಿಡಬೇಡಿ. ಗಡಿಯಾರ ತಪ್ಪೋ ಸೂರ್ಯ ತಪ್ಪೋ ಎಂದು ಒಂದು ರಾತ್ರಿ ಅವರು ಜಗಳವಾಡಲಿ.

22ರಂದು ಆ ನೆರಳು ಉತ್ತರಕ್ಕೆ 4 ಸೆಂಟಿಮೀಟರ್ ಆಸುಪಾಸು ಇರುತ್ತದೆ. ದಿನಕ್ಕೆ ಅರ್ಧ ಸೆಂಟಿಮೀಟರಿನಷ್ಟು ಕುಗ್ಗುತ್ತ 29ರ ಸುಮಾರಿಗೆ ಕೋಲಿನ ಬುಡದೊಳಗೆ ಅಡಗಿ, ಮೇ 1ರಂದು ದಕ್ಷಿಣದ ಕಡೆ ಇಣುಕುತ್ತದೆ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಆದ್ದರಿಂದ ನೆರಳಿನ ಅಂಚು ಮಸುಕಾಗಿರುತ್ತದೆ, ಇಬ್ಬರು ಮಕ್ಕಳ ಅಳತೆ ಬೇರೆ ಬೇರೆ ಬರುತ್ತದೆ. ಎರಡನ್ನೂ ಬರೆಸಿ, ಒಂದನ್ನು ತಪ್ಪೆಂದು ಅಳಿಸಬೇಡಿ.

ನಿಮ್ಮಲ್ಲಿ ಯಾರಿಗಾದರೂ ಬೀದರಿನಲ್ಲಿ ನೆಂಟರೋ ಸಹಪಾಠಿಯೋ ಇದ್ದರೆ, 29ರಂದು ಅಲ್ಲಿಯೂ ಒಂದು ಮೀಟರ್ ಕೋಲಿನ ಅತಿ ಚಿಕ್ಕ ನೆರಳನ್ನು ಅಳೆದು ಫೋನಿನಲ್ಲಿ ಹೇಳಲು ಕೇಳಿಕೊಳ್ಳಿ. ಅಲ್ಲಿ ಅದು 12.17ರ ಸುಮಾರಿಗೆ, 6 ಸೆಂಟಿಮೀಟರಿನಷ್ಟು ಬಂದೀತು. ಒಂದು ಮೀಟರ್ ತ್ರಿಜ್ಯದ ವೃತ್ತದ ಸುತ್ತಳತೆ 628 ಸೆಂಟಿಮೀಟರ್. ಅದರಲ್ಲಿ 6 ಎಂದರೆ ಹೆಚ್ಚುಕಡಿಮೆ 105ರಲ್ಲಿ ಒಂದು ಪಾಲು. ಭೂಪಟದಲ್ಲಿ ಕುಮಟೆಗೂ ಬೀದರಿಗೂ ಉತ್ತರ ದಕ್ಷಿಣವಾಗಿ ಇರುವ ಅಂತರ ಸುಮಾರು 385 ಕಿಲೋಮೀಟರ್. ಅದನ್ನು 105ರಿಂದ ಗುಣಿಸಿದರೆ 40 ಸಾವಿರ ಕಿಲೋಮೀಟರಿನ ಹತ್ತಿರ ಬರುತ್ತದೆ, ಅದು ಭೂಮಿಯ ಸುತ್ತಳತೆ. ಎರಟೋಸ್ತನೀಸ್ ಎಂಬ ಗ್ರೀಕ್ ವಿದ್ವಾಂಸ 2,200 ವರ್ಷಗಳಿಗೂ ಹಿಂದೆ ಈಜಿಪ್ಟಿನ ಎರಡು ಊರುಗಳ ನಡುವೆ ಮಾಡಿದ್ದು ಇದೇ ಲೆಕ್ಕ. ನೆರಳಿನ ಅಳತೆಯಲ್ಲಿ ಎರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಉತ್ತರದಲ್ಲಿ ಸಾವಿರ ಕಿಲೋಮೀಟರಿಗೂ ಮೀರಿ ವ್ಯತ್ಯಾಸ ಬರುತ್ತದೆ. ಅದನ್ನೂ ಮಕ್ಕಳಿಗೆ ತೋರಿಸಿ. ಲಾಕ್‌ಡೌನಿನಲ್ಲಿ ಅವರನ್ನು ಕಟ್ಟಿಹಾಕಿದ್ದ ಅದೇ ಫೋನು ಇಲ್ಲಿ ದೂರದ ಇನ್ನೊಂದು ಕೈಯನ್ನು ಅವರ ಪ್ರಯೋಗಕ್ಕೆ ಸೇರಿಸುತ್ತದೆ.

ಉಳಿದ ಹೊತ್ತಿಗೆ ನಿಮ್ಮ ನೆರೆಯ ಸಾಣಿಕಟ್ಟೆಯೇ ಇದೆ. ಈಗ ಉಪ್ಪಿನಾಗರಗಳ ಕಾಲ. ಕಾಲು ಲೀಟರ್ ಸಮುದ್ರದ ನೀರನ್ನು ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಬಿಸಿಲಿಗಿಟ್ಟು, ಒಣಗಿದ ಮೇಲೆ ಕೆರೆದು ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ 8–9 ಗ್ರಾಂ ಸಿಗಬೇಕು, ಏಕೆಂದರೆ ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅಘನಾಶಿನಿಯ ಅಳಿವೆಯಿಂದ ಮೇಲಕ್ಕೆ ಮೂರು ಕಡೆ ನೀರು ತಂದು ಹೀಗೆಯೇ ಒಣಗಿಸಿದರೆ, ಉಬ್ಬರದ ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತವನ್ನೇ ಅಜ್ಜಂದಿರು ಯಾಕೆ ಬಿತ್ತುತ್ತಿದ್ದರು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಪ್ರಶ್ನೆ: ನಮ್ಮೂರಿನಲ್ಲಿ ಶಿಬಿರ ಏರ್ಪಡಿಸಿದ್ದಾರೆ. ದೊಡ್ಡ ಮಗಳಿಗೆ 13 ವರ್ಷ, ಮೊದಲ ಲಸಿಕೆ ಆಗಿದೆ. ಚಿಕ್ಕವನಿಗೆ 9 ವರ್ಷ, ಅವನಿಗೆ ಲಸಿಕೆ ಇಲ್ಲ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ. ಕಳುಹಿಸಬಹುದೇ? ಕಾಡಿನ ನಡಿಗೆಯೂ ಇದೆಯಂತೆ.
(ಒಬ್ಬ ತಾಯಿ, ಸಿದ್ದಾಪುರ ತಾಲ್ಲೂಕು)

ಉತ್ತರ: ನಿಮ್ಮ ಅಂಜಿಕೆ ನ್ಯಾಯವಾದದ್ದು. ಕಳೆದ ವರ್ಷ ಇದೇ ಹೊತ್ತಿಗೆ ಎರಡನೇ ಅಲೆಯಲ್ಲಿ ನಮ್ಮೂರುಗಳಲ್ಲಿ ಏನಾಯಿತೆಂದು ಕಂಡವರು ಯಾರೂ ಅದನ್ನು ಹಗುರವಾಗಿ ತೆಗೆದುಕೊಳ್ಳಲಾರರು. ಆದರೂ ಈಗ ಸ್ಥಿತಿ ಬೇರೆ. 18 ದಾಟಿದವರಿಗೆ 2021ರ ಮೇ 1ರಿಂದಲೂ, 15ರಿಂದ 17ರವರಿಗೆ ಈ ಜನವರಿ 3ರಿಂದಲೂ, 12ರಿಂದ 14ರವರಿಗೆ ಮಾರ್ಚ್ 16ರಿಂದಲೂ ಲಸಿಕೆ ದೊರೆಯುತ್ತಿದೆ. ಆದ್ದರಿಂದ ಸಂಘಟಕರನ್ನು ಮೊದಲು ಕೇಳಬೇಕಾದದ್ದು, ಕಲಿಸುವವರೆಲ್ಲರಿಗೂ ಎರಡೂ ಡೋಸ್ ಆಗಿದೆಯೇ ಎಂದು. ಅತ್ತೆಯವರಿಗೂ ಆಗಿರಲಿ. ಜ್ವರ, ಕೆಮ್ಮು ಬಂದ ಸ್ವಯಂಸೇವಕ ಯಾವ ಮುಜುಗರವೂ ಇಲ್ಲದೆ ಮನೆಯಲ್ಲಿ ಉಳಿಯುವಂತೆ ಅವರ ಬದಲಿಗೆ ನಿಲ್ಲಲು ಇನ್ನಿಬ್ಬರು ಇದ್ದಾರೆಯೇ ಎಂಬುದನ್ನೂ ಕೇಳಿ. ಹತ್ತು ಹನ್ನೆರಡು ಮಕ್ಕಳ ಗುಂಪು ಕೊನೆಯವರೆಗೂ ಒಂದೇ ಆಗಿದ್ದರೆ ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದದ್ದು ಗಾಳಿ. ಅಡಿಕೆ ಸುಗ್ಗಿ ಮುಗಿದು ಅಂಗಳ ಖಾಲಿಯಿದೆ, ಚಪ್ಪರದ ನೆರಳೂ ಇದೆ. ಅದನ್ನು ಬಿಟ್ಟು ಬಾಗಿಲು ಕಿಟಕಿ ಮುಚ್ಚಿದ ಸಭಾಭವನದಲ್ಲಿ ಫ್ಯಾನ್ ಹಾಕಿ ಕೂರಿಸುವುದಾದರೆ ಕಳುಹಿಸಬೇಡಿ. ಮಕ್ಕಳಿಗೆ ಇದನ್ನೇ ಪಾಠವಾಗಿಸಬಹುದು: ಮುಚ್ಚಿದ ಕೋಣೆಯಲ್ಲಿ ಒಂದು ಊದುಬತ್ತಿ ಹಚ್ಚಿ, ಬಿಸಿಲುಕೋಲಿನಲ್ಲಿ ಹೊಗೆ ಎಷ್ಟು ಹೊತ್ತು ತೇಲುತ್ತದೆಂದು ಎಣಿಸಲಿ, ಆಮೇಲೆ ಎದುರುಬದುರಿನ ಬಾಗಿಲು ತೆರೆದು ಮತ್ತೆ ಎಣಿಸಲಿ. ನಮ್ಮ ಬಾಯಿಂದ ಹೊರಡುವ ಅತಿ ಸಣ್ಣ ಹನಿಗಳೂ ಹೊಗೆಯ ಕಣಗಳ ಹಾಗೆ ತೇಲುತ್ತವೆ. ದಿನವಿಡೀ ಗಟ್ಟಿಯಾಗಿ ಮಾತಾಡುವವರು ಕಲಿಸುವವರೇ ಆದ್ದರಿಂದ ಮಾಸ್ಕ್ ಮೊದಲು ಅವರ ಮುಖದ ಮೇಲಿರಲಿ.

ಕಾಡಿನ ನಡಿಗೆಯ ವಿಷಯದಲ್ಲಿ ಮಾತ್ರ ನನ್ನ ಮಾತು ಖಂಡಿತ: ನಿಮ್ಮ ತಾಲ್ಲೂಕಿನಲ್ಲಿ ಈ ತಿಂಗಳುಗಳಲ್ಲಿ ಅದು ಬೇಡ. ಕೊರೊನಾದ ಗದ್ದಲದಲ್ಲಿ ಮಂಗನ ಕಾಯಿಲೆ ಎಲ್ಲಿಗೂ ಹೋಗಿಲ್ಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಆ ವೈರಸ್ಸನ್ನು ಹರಡುವ ಉಣುಗುಗಳು ಬೇಸಿಗೆ ಮುಗಿಯುವವರೆಗೂ ತರಗೆಲೆಯಲ್ಲಿರುತ್ತವೆ. ಮಕ್ಕಳು ತರಗೆಲೆಯ ಮೇಲೆ ಕೂರಬಾರದು, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ತೋಟದ ಕೆಲಸಕ್ಕೆ ಹೋಗುವವರು ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳುವುದನ್ನು ತಪ್ಪಿಸಬಾರದು. ಎರಡೂ ಕಾಯಿಲೆಗಳು ಜ್ವರ, ತಲೆನೋವು, ಮೈಕೈ ನೋವಿನಿಂದಲೇ ಶುರುವಾಗುವುದರಿಂದ, ಜ್ವರ ಬಂದರೆ ಕೊರೊನಾವೇ ಇರಬೇಕೆಂದು ಮನೆಯಲ್ಲೇ ಮಾತ್ರೆ ನುಂಗಿ ಕೂರುವುದು ನಿಮ್ಮ ಭಾಗದಲ್ಲಿ ಅಪಾಯ. ಕಾಡಿಗೆ ಹೋಗಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು.

ಪ್ರಶ್ನೆ: ನಾನು ಕಾರವಾರದಲ್ಲಿ ಕಡಲಜೀವಶಾಸ್ತ್ರ ಓದುತ್ತಿದ್ದೇನೆ. ಶಿಬಿರದಲ್ಲಿ ಸಾಬೂನಿನ ಮಹತ್ವ ತೋರಿಸಲು, ನೀರಿನ ಮೇಲೆ ಕರಿಮೆಣಸಿನ ಪುಡಿ ಉದುರಿಸಿ ಸಾಬೂನು ಹಚ್ಚಿದ ಬೆರಳು ಅದ್ದುವ ಪ್ರಯೋಗ ಮಾಡಿಸಬೇಕೆಂದಿದ್ದೇನೆ. ಪುಡಿ ದೂರ ಓಡುವುದನ್ನು ಕಂಡು ಮಕ್ಕಳು ಖುಷಿಪಡುತ್ತಾರೆ. ಇದು ಸರಿಯೇ?
(ಸ್ವಯಂಸೇವಕ, ಕಾರವಾರ)

ಉತ್ತರ: ಪ್ರಯೋಗ ಚೆನ್ನಾಗಿದೆ, ಆದರೆ ಅದು ಹೇಳುವ ಪಾಠ ಬೇರೆ. ಸಾಬೂನು ನೀರಿನ ಮೇಲ್ಮೈ ಬಿಗಿತವನ್ನು ಬೆರಳಿನ ಸುತ್ತ ಸಡಿಲಿಸುತ್ತದೆ, ಅಂಚಿನ ಕಡೆಯ ಬಿಗಿತ ಹೆಚ್ಚಿರುವುದರಿಂದ ತೇಲುವ ಪುಡಿ ಅತ್ತ ಎಳೆಯಲ್ಪಡುತ್ತದೆ. ಅದನ್ನು ವೈರಸ್ ಎಂದು ಹೇಳಿಕೊಟ್ಟರೆ ವೈರಸ್ ಸಾಬೂನಿಗೆ ಹೆದರಿ ಓಡುತ್ತದೆ ಎಂಬ ಚಿತ್ರ ಮಗುವಿನ ಮನಸ್ಸಿನಲ್ಲಿ ನಿಲ್ಲುತ್ತದೆ, ಬೆರಳದ್ದಿ ತೆಗೆದರೆ ಸಾಕೆಂಬ ಭಾವನೆಯೂ ಬರುತ್ತದೆ. ನಿಜದಲ್ಲಿ ಕೊರೊನಾ ವೈರಸ್ಸಿನ ಹೊರಕವಚ ಕೊಬ್ಬಿನದು. ಸಾಬೂನಿನ ಅಣುವಿನ ಒಂದು ತುದಿಗೆ ಕೊಬ್ಬು ಬೇಕು, ಇನ್ನೊಂದಕ್ಕೆ ನೀರು ಬೇಕು. ಅದು ಕವಚದೊಳಗೆ ನುಗ್ಗಿ ಅದನ್ನು ಹರಿಯುತ್ತದೆ. ಅದಕ್ಕೆ ಹೊತ್ತು ಬೇಕು, ಉಜ್ಜಾಟ ಬೇಕು.

ಇದನ್ನು ತೋರಿಸಲು ತೆಂಗಿನೆಣ್ಣೆಯಲ್ಲಿ ಹಣತೆಯ ಮಸಿ ಕಲಸಿ ಮಕ್ಕಳ ಅಂಗೈಗೆ ತೆಳ್ಳಗೆ ಸವರಿ. ಅರ್ಧ ಮಂದಿ ಬರಿ ನೀರಿನಲ್ಲಿ, ಅರ್ಧ ಮಂದಿ ಸಾಬೂನಿನಿಂದ, ಇಪ್ಪತ್ತು ಎಣಿಸುವವರೆಗೆ ತೊಳೆಯಲಿ. ಹೆಬ್ಬೆರಳಿನ ಬುಡದಲ್ಲೂ ಉಗುರಿನ ಸಂದಿಯಲ್ಲೂ ಕಪ್ಪು ಉಳಿದಿರುವುದನ್ನು ಅವರೇ ಕಂಡುಕೊಳ್ಳುತ್ತಾರೆ. ಮಸಿಯ ಬದಲು ಅರಿಶಿನ ಬಳಸಬೇಡಿ. ಸಾಬೂನು ತಾಗಿದೊಡನೆ ಅದು ಕೆಂಪಾಗುತ್ತದೆ, ಆ ಬೆರಗನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ವೈರಸ್ ಎಷ್ಟು ಸಣ್ಣದು ಎಂದು ಕೇಳಿದರೆ, ಸ್ಕೇಲಿನ ಒಂದು ಮಿಲಿಮೀಟರಿನೊಳಗೆ ಸುಮಾರು ಹತ್ತು ಸಾವಿರ ಸಾಲಾಗಿ ನಿಲ್ಲಬಲ್ಲವು ಎಂದು ಹೇಳಿ.

ಇಲ್ಲಿಯೇ ಒಂದು ಎಚ್ಚರಿಕೆ. ಕಳೆದ ವರ್ಷ ಕೆಲವು ಮಕ್ಕಳ ಮುಂದೆ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು, ಅದು ಆರುವ ಮೊದಲೇ ಮೇಣದಬತ್ತಿ ಹಚ್ಚಲು ಕಡ್ಡಿ ಗೀರಿದೆ. ಎರಡು ಬೆರಳಿಗೆ ಬೆಂಕಿ ಹತ್ತಿತು. ಬಿಸಿಲಿನಲ್ಲಿ ಉರಿ ಕಣ್ಣಿಗೆ ಕಾಣಲೇ ಇಲ್ಲ, ಸುಟ್ಟಾಗ ಮಾತ್ರ ಗೊತ್ತಾಯಿತು. ಅದು ಮಗುವಿನ ಕೈಯಾಗಿದ್ದರೆ ಎಂದು ಇಂದಿಗೂ ನೆನೆದು ನಡುಗುತ್ತೇನೆ. ಸ್ಯಾನಿಟೈಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಆಲ್ಕೋಹಾಲ್. ಬೆಂಕಿಯ ಪ್ರಯೋಗವಿರುವ ದಿನ ಆ ಬಾಟಲಿ ಅಂಗಳದಲ್ಲೇ ಇರಬಾರದು. ಸಾಬೂನು ನೀರು ಸಾಕು.

ಪ್ರಶ್ನೆ: ಮೇ 16ಕ್ಕೆ ಶಾಲೆಗಳು ತೆರೆದು ಕಲಿಕಾ ಚೇತರಿಕೆ ಆರಂಭವಾಗಲಿದೆ. ತರಬೇತಿಯಿಲ್ಲದ ಇಪ್ಪತ್ತು ವರ್ಷದ ಹುಡುಗರು ನೆರಳು ಅಳೆಸುವ ಬದಲು ತಪ್ಪಿಹೋದ ಪಾಠಗಳನ್ನು ಮಾಡಿಸಿದರೆ ಉಪಯೋಗವಲ್ಲವೇ? ತಪ್ಪು ಹೇಳಿಕೊಟ್ಟರೆ ಯಾರು ತಿದ್ದುವವರು?
(ನಿವೃತ್ತ ಶಿಕ್ಷಕರು, ಅಂಕೋಲಾ)

ಉತ್ತರ: ನಿಮ್ಮ ಕಳಕಳಿ ನನ್ನದೂ ಹೌದು. ಆದರೆ ಪಾಠ ತುಂಬಿಸುವ ಕೆಲಸ ಶಿಕ್ಷಕರದು, ಅದಕ್ಕಾಗಿಯೇ ಶಾಲೆ ಹದಿನೈದು ದಿನ ಮೊದಲು ತೆರೆಯುತ್ತಿದೆ. ನಲವತ್ತು ನಿಮಿಷದ ಅವಧಿಯಲ್ಲಿ ಯಾವ ಶಿಕ್ಷಕರಿಗೂ ಹತ್ತು ದಿನ ಒಂದೇ ನೆರಳಿನ ಹಿಂದೆ ಬೀಳಲು ಸಾಧ್ಯವಿಲ್ಲ. ಅದು ರಜೆಯಲ್ಲಿ ಮಾತ್ರ ಆಗುವಂಥದ್ದು.

ತಪ್ಪಿನ ವಿಷಯಕ್ಕೆ ನಾನು ಕಂಡದ್ದೊಂದನ್ನು ಹೇಳುತ್ತೇನೆ. ನಿಮ್ಮ ತಾಲ್ಲೂಕಿನ ಕಡಲಂಚಿನ ಒಂದು ಊರಿನಲ್ಲಿ ಪದವಿ ವಿದ್ಯಾರ್ಥಿನಿಯೊಬ್ಬಳು ಮಕ್ಕಳಿಗೆ ಉಬ್ಬರ ಇಳಿತ ವಿವರಿಸುತ್ತಿದ್ದಳು. ಚಂದ್ರ ನೀರನ್ನು ಎಳೆಯುವುದರಿಂದ ಉಬ್ಬರ ಬರುತ್ತದೆ ಎಂದಾಗ, ದೋಣಿ ಮನೆತನದ ಹುಡುಗನೊಬ್ಬ ಎದ್ದು, ಹಾಗಾದರೆ ದಿನಕ್ಕೆ ಎರಡು ಸಲ ಯಾಕೆ ಬರುತ್ತದೆ, ಚಂದ್ರ ಒಂದೇ ಅಲ್ಲವೇ ಎಂದು ಕೇಳಿದ. ಅವಳಿಗೆ ಉತ್ತರ ಗೊತ್ತಿರಲಿಲ್ಲ. ಮುಖ ಕೆಂಪಾಯಿತು, ಆದರೂ ಏನನ್ನೋ ಹೇಳಿ ಜಾರಿಕೊಳ್ಳದೆ, ಇದು ನನಗೆ ತಿಳಿಯದು, ನಾಳೆಯ ಒಳಗೆ ನೀನೂ ಹುಡುಕು ನಾನೂ ಹುಡುಕುತ್ತೇನೆ ಎಂದಳು. ಮಾರನೆಯ ದಿನ ಅವಳು ಓದಿಕೊಂಡು ಬಂದಿದ್ದಳು: ಚಂದ್ರನ ಕಡೆಯ ನೀರನ್ನು ಚಂದ್ರ ಭೂಮಿಯ ನಡುವಿಗಿಂತ ಹೆಚ್ಚು ಎಳೆಯುತ್ತಾನೆ, ಆಚೆ ಬದಿಯ ನೀರನ್ನು ಕಡಿಮೆ ಎಳೆಯುತ್ತಾನೆ, ಆದ್ದರಿಂದ ಎರಡೂ ಕಡೆ ನೀರು ಉಬ್ಬುತ್ತದೆ, ಭೂಮಿ ತಿರುಗುವಾಗ ನಾವು ಎರಡೂ ಉಬ್ಬುಗಳನ್ನು ಹಾದುಹೋಗುತ್ತೇವೆ. ಹುಡುಗನೂ ಬರಿಗೈಯಲ್ಲಿ ಬಂದಿರಲಿಲ್ಲ. ಉಬ್ಬರ ದಿನದಿನಕ್ಕೂ ಮುಕ್ಕಾಲು ಗಂಟೆಯಷ್ಟು ತಡವಾಗುತ್ತದೆ ಎಂದು ಅಜ್ಜ ಹೇಳಿದ್ದನ್ನು ತಂದಿದ್ದ. ಬಂದರಿನ ಕಲ್ಲಿಗೆ ಗೆರೆ ಹಾಕಿ ಒಂದು ವಾರ ನೋಡಿದಾಗ ಸರಾಸರಿ ಸುಮಾರು 50 ನಿಮಿಷ ಬಂತು, ಚಂದ್ರೋದಯವೂ ದಿನಕ್ಕೆ ಸರಾಸರಿ ಅಷ್ಟೇ ತಡವಾಗುತ್ತದೆ ಎಂಬುದು ಅಲ್ಲಿಂದ ಹೊರಬಿತ್ತು. ಸರ್, ಇಂಥ ಒಂದು ವಾರ ನನ್ನ ಮೂವತ್ತು ವರ್ಷದ ಮೇಷ್ಟ್ರಗಿರಿಯಲ್ಲಿ ನನಗೆ ಹೆಚ್ಚು ಸಿಗಲಿಲ್ಲ.

ನಿಮ್ಮಂಥವರು ಸಂಜೆ ಒಂದು ಗಂಟೆ ಆ ಹುಡುಗರ ಜತೆ ಕೂತು, ಮರುದಿನದ ಪ್ರಯೋಗವನ್ನು ಅವರಿಂದ ಮೊದಲು ಮಾಡಿಸಿ ನೋಡಿದರೆ, ನೀವು ಭಯಪಡುವ ತಪ್ಪುಗಳಲ್ಲಿ ಬಹುಪಾಲು ಅಲ್ಲಿಯೇ ತಿದ್ದಿಹೋಗುತ್ತವೆ. ದಯವಿಟ್ಟು ಹೋಗಿ.

ಪ್ರಶ್ನೆ: ನಮ್ಮದು ಜೋಯಿಡಾದ ಒಳಗಿನ ಹಳ್ಳಿ. ಇಬ್ಬರೇ ಇದ್ದೇವೆ, ದುಡ್ಡಿಲ್ಲ, ನೆಟ್‌ವರ್ಕ್ ಇಲ್ಲ, ದೂರದರ್ಶಕವೂ ಇಲ್ಲ. ಏನು ಮಾಡಿಸಬಹುದು?
(ಇಬ್ಬರು ಸ್ವಯಂಸೇವಕರು, ಜೋಯಿಡಾ ತಾಲ್ಲೂಕು)

ಉತ್ತರ: ನಿಮ್ಮಲ್ಲಿ ಬೀದಿದೀಪವಿಲ್ಲದ ಆಕಾಶವಿದೆ. ಈ ಏಪ್ರಿಲ್‌ನಲ್ಲಿ ಬೆಳಗಿನ ಜಾವ ಐದರ ಹೊತ್ತಿಗೆ ಪೂರ್ವಕ್ಕೆ ಮುಖಮಾಡಿದರೆ, ಕೆಳಗಿನಿಂದ ಬಲಕ್ಕೆ ಮೇಲೇರುವ ಒಂದು ಓರೆ ಸಾಲಿನಲ್ಲಿ ಗ್ರಹಗಳು ನಿಂತಿವೆ. ತಿಂಗಳ ಕೊನೆಯ ವಾರಕ್ಕೆ ಕೆಳಗೆ ಗುರು ಮತ್ತು ಶುಕ್ರ, ಅದರ ಮೇಲೆ ಕೆಂಪು ಮಂಗಳ, ಇನ್ನೂ ಮೇಲೆ ಶನಿ. ಇವುಗಳಲ್ಲಿ ಅತಿ ಪ್ರಕಾಶವಾದದ್ದು ಶುಕ್ರ. ಕೈಯನ್ನು ಪೂರ್ತಿ ಚಾಚಿ ಹಿಡಿದಾಗ ಕಿರುಬೆರಳಿನ ಅಗಲ ಆಕಾಶದಲ್ಲಿ ಸುಮಾರು ಒಂದು ಡಿಗ್ರಿ, ನಡುವಿನ ಮೂರು ಬೆರಳು ಸೇರಿದರೆ ಐದು ಡಿಗ್ರಿ. 25ರಂದು ಗುರು ಶುಕ್ರರ ನಡುವೆ ಮೂರು ಬೆರಳಿನಷ್ಟು ತೆರಪಿರುತ್ತದೆ. ಮಕ್ಕಳು ಪ್ರತಿ ಬೆಳಗ್ಗೆ ತಮ್ಮ ಬೆರಳಿನಿಂದಲೇ ಅಳೆದು ಪಟ್ಟಿಯಲ್ಲಿ ಬರೆಯಲಿ. ದಿನಕ್ಕೆ ಒಂದು ಕಿರುಬೆರಳಿನಷ್ಟು ಅದು ಕಿರಿದಾಗುತ್ತ ಬರುತ್ತದೆ. 30ಕ್ಕೆ ಅಮಾವಾಸ್ಯೆ, ಚಂದ್ರನ ಬೆಳಕಿನ ಅಡ್ಡಿಯೂ ಇಲ್ಲ. ಮೇ 1ರ ಜಾವಕ್ಕೆ ಎರಡೂ ಚಂದ್ರಬಿಂಬದ ಅಗಲಕ್ಕಿಂತ ಹತ್ತಿರ ಬಂದು ನಿಲ್ಲುತ್ತವೆ.

ಅವು ನಿಜಕ್ಕೂ ಹತ್ತಿರ ಬಂದಿವೆಯೇ ಎಂದು ಯಾರಾದರೂ ಕೇಳುತ್ತಾರೆ. ಆಗ ಇಬ್ಬರು ಮಕ್ಕಳನ್ನು ಗದ್ದೆಯಲ್ಲಿ ನಿಲ್ಲಿಸಿ, ಒಬ್ಬನನ್ನು ಹತ್ತು ಹೆಜ್ಜೆ ದೂರದಲ್ಲಿ, ಇನ್ನೊಬ್ಬನನ್ನು ಅರವತ್ತು ಹೆಜ್ಜೆ ದೂರದಲ್ಲಿ. ಕೇಳಿದ ಮಗು ಪಕ್ಕಕ್ಕೆ ಸರಿಯುತ್ತ ಸರಿಯುತ್ತ, ಇಬ್ಬರೂ ಒಂದೇ ಗೆರೆಗೆ ಬರುವ ಜಾಗವನ್ನು ತಾನೇ ಹುಡುಕಿಕೊಳ್ಳಲಿ. ಮೇ 2ರ ಬೆಳಗ್ಗೆಯೂ ತಪ್ಪದೆ ಎಬ್ಬಿಸಿ, ಅಷ್ಟರಲ್ಲಿ ಶುಕ್ರ ಗುರುವನ್ನು ದಾಟಿ ಕೆಳಗಿಳಿದಿರುತ್ತಾನೆ.